ನೇಗಿಲು ಬಿಟ್ಟ ಕೆಂಪು ನೆಲದಲ್ಲಿ: ಪರಾನಾದ ಸೋಯಾ ಸೀಮೆಯ ಪ್ರವಾಸ

ಬ್ರೆಜಿಲ್ ದೇಶದ ದಕ್ಷಿಣ ಭಾಗದಲ್ಲಿರುವ ಪರಾನಾ ರಾಜ್ಯದ ಉತ್ತರಕ್ಕೆ ಲೊಂಡ್ರಿನಾ ಎಂಬ ನಗರವಿದೆ. ಅಲ್ಲಿಂದ ಹೊರಟು, ಮಕರ ಸಂಕ್ರಾಂತಿ ವೃತ್ತವನ್ನು ದಾಟಿ, ಘಟ್ಟವೊಂದನ್ನು ಹಾದು ಪೊಂಟಾ ಗ್ರೋಸಾ ಎಂಬ ಮತ್ತೊಂದು ಪಟ್ಟಣವನ್ನು ಸೇರುವ ರಸ್ತೆ ಸುಮಾರು ಮುನ್ನೂರು ಕಿಲೋಮೀಟರ್ ಉದ್ದದ್ದು. ಅಕ್ಟೋಬರ್ ಕೊನೆಯಲ್ಲಿ, ಅಂದರೆ ದಕ್ಷಿಣಾರ್ಧಗೋಳದ ವಸಂತ ಕಾಲದಲ್ಲಿ, ಈ ದಾರಿಯಲ್ಲಿ ಸಾಗುವ ಪ್ರವಾಸಿಗನಿಗೆ ಇಕ್ಕೆಲಗಳಲ್ಲಿಯೂ ಸೋಯಾ ಹೊಲಗಳೇ ಕಾಣುತ್ತವೆಯಾದರೂ, ಬಿತ್ತನೆಯ ಕಾಲದ ಹೊಲ ಎಂದೊಡನೆ ಕಣ್ಣು ನಿರೀಕ್ಷಿಸುವ ಉತ್ತ ಮಣ್ಣು, ಒಡೆದ ಹೆಂಟೆ, ಹಸನಾದ ಮಡಿ ಇವು ಯಾವುವೂ ಕಾಣುವುದಿಲ್ಲ. ನೆಲದ ಮೇಲೆ ಹಿಂದಿನ ಬೆಳೆಯ ಒಣ ಹುಲ್ಲು ಹಾಸಿಕೊಂಡಿದ್ದು, ಆ ಬೂದುಬಣ್ಣದ ಹಾಸನ್ನು ಸೀಳಿಕೊಂಡು ಅರ್ಧ ಮೀಟರಿಗೊಂದರಂತೆ ಎಳೆಯ ಹಸಿರು ಸಾಲುಗಳು ಮೇಲೆದ್ದಿರುತ್ತವೆ. ಸಾಲುಗಳ ನಡುವೆ ಹುಲ್ಲನ್ನು ಕೈಯಿಂದ ಸರಿಸಿದರೆ ಮಾತ್ರ ಈ ಸೀಮೆಯ ಹೆಸರುವಾಸಿಯಾದ ಕಡುಗೆಂಪು ಮಣ್ಣು ಕಣ್ಣಿಗೆ ಬೀಳುತ್ತದೆ.

ಇದಕ್ಕೆ ಉಳುಮೆರಹಿತ ಬೇಸಾಯವೆಂದು ಹೆಸರು. ಹೊಲವನ್ನು ಉಳದೆ, ಹರಗದೆ, ಹಿಂದಿನ ಬೆಳೆಯ ಕೂಳೆ ಮತ್ತು ಹುಲ್ಲನ್ನು ಇದ್ದಲ್ಲೇ ಬಿಟ್ಟು, ಚಕ್ರಾಕಾರದ ಅಲಗುಗಳುಳ್ಳ ಕೂರಿಗೆಯಿಂದ ಬೀಜ ಬೀಳುವಷ್ಟೇ ಅಗಲದ ಸೀಳನ್ನು ಮಾಡಿ ಬಿತ್ತುವ ಪದ್ಧತಿ ಇದು. 2017ರ ಕೃಷಿ ಗಣತಿಯಂತೆ ಬ್ರೆಜಿಲಿನಲ್ಲಿ ಸುಮಾರು 3.3 ಕೋಟಿ ಹೆಕ್ಟೇರ್ ಜಮೀನು ಈ ಪದ್ಧತಿಗೆ ಸೇರಿತ್ತು. ಪದ್ಧತಿಯ ಹೆಸರು ಕೇಳಿದರೆ ಕೆಲಸವೊಂದನ್ನು ಬಿಟ್ಟುಬಿಡುವುದಷ್ಟೇ ಇದರ ಸಾರವೆನಿಸುತ್ತದೆ. ಆದರೆ ನೇಗಿಲು ಹೊಲದಲ್ಲಿ ಒಂದೇ ಕೆಲಸವನ್ನು ಮಾಡುತ್ತಿರಲಿಲ್ಲ: ಅದು ಕಳೆಯನ್ನು ಕೊಲ್ಲುತ್ತಿತ್ತು, ಸುಣ್ಣ ಮತ್ತು ಗೊಬ್ಬರವನ್ನು ಮಣ್ಣಿನಲ್ಲಿ ಬೆರೆಸುತ್ತಿತ್ತು, ಗಟ್ಟಿಯಾದ ಪದರವನ್ನು ಸಡಿಲಿಸುತ್ತಿತ್ತು, ರೋಗ ಹೊತ್ತ ಕಸವನ್ನು ಹೂಳುತ್ತಿತ್ತು. ನೇಗಿಲನ್ನು ಕೊಟ್ಟಿಗೆಗೆ ಸೇರಿಸಿದ ಮೇಲೆ ಈ ಕೆಲಸಗಳಲ್ಲಿ ಒಂದೊಂದನ್ನೂ ಬೇರೆ ಯಾರಿಗಾದರೂ ವಹಿಸಲೇಬೇಕಾಗುತ್ತದೆ. ಅರ್ಧ ಶತಮಾನದ ಅವಧಿಯಲ್ಲಿ ಪರಾನಾದ ರೈತರು ಅವನ್ನು ಯಾರಿಗೆ ವಹಿಸಿದರು, ಅದರಿಂದ ಮಣ್ಣಿಗೆ ಏನಾಯಿತು ಎಂಬುದೇ ಈ ದಾರಿಯುದ್ದಕ್ಕೂ ಓದಲು ಸಿಗುವ ಚರಿತ್ರೆ.

ಲೊಂಡ್ರಿನಾದ ಸುತ್ತಲಿನ ನೆಲ ಹುಟ್ಟಿದ್ದು ಲಾವಾ ತಣ್ಣಗಾಗಿ ಆದ ಬಸಾಲ್ಟ್ ಶಿಲೆಯಿಂದ. ಲಕ್ಷಾಂತರ ವರ್ಷಗಳ ಮಳೆ ಬಿಸಿಲುಗಳಿಗೆ ಶಿಲೆ ಸವೆದು, ಕಬ್ಬಿಣದ ಆಕ್ಸೈಡು ತುಂಬಿದ, ಬಹಳ ಆಳವಾದ, ಜೇಡಿ ಹೆಚ್ಚಿರುವ ಕೆಂಪು ಮಣ್ಣಾಗಿ ಮಾರ್ಪಟ್ಟಿದೆ. 1929ರ ಹೊತ್ತಿಗೆ ಬ್ರಿಟಿಷ್ ಬಂಡವಾಳದ ಕಂಪನಿಯೊಂದು ಇಲ್ಲಿನ ದಟ್ಟ ಕಾಡನ್ನು ಕಡಿದು ಜಮೀನುಗಳಾಗಿ ವಿಂಗಡಿಸಿ ಮಾರಲು ತೊಡಗಿದಾಗ ಲಂಡನ್ನಿನ ನೆನಪಿಗೆ ಊರಿಗೆ ಲೊಂಡ್ರಿನಾ ಎಂದು ಹೆಸರಾಯಿತು. ಕೆಲವೇ ದಶಕಗಳಲ್ಲಿ ಈ ಸೀಮೆ ಕಾಫಿಯ ದೊಡ್ಡ ತವರಾಯಿತು. 1975ರ ಜುಲೈ 18ರಂದು ಬಿದ್ದ ಭೀಕರ ಹಿಮ ಕಾಫಿ ತೋಟಗಳನ್ನು ಒಂದೇ ರಾತ್ರಿಯಲ್ಲಿ ಸುಟ್ಟುಹಾಕಿದ ಮೇಲೆ ರೈತರು ಬೇಸಿಗೆಯಲ್ಲಿ ಸೋಯಾ, ಚಳಿಗಾಲದಲ್ಲಿ ಗೋಧಿ ಎಂಬ ಜೋಡಿಯ ಕಡೆಗೆ ಇನ್ನಷ್ಟು ವೇಗವಾಗಿ ವಾಲಿದರು. ಎರಡು ಬೆಳೆಗಳ ನಡುವಿನ ಬಿಡುವು ಕಿರಿದಾದ್ದರಿಂದ ಕೂಳೆಯನ್ನು ಸುಟ್ಟು, ಟ್ರ್ಯಾಕ್ಟರಿನ ತಟ್ಟೆ ನೇಗಿಲಿನಿಂದ ವರ್ಷಕ್ಕೆ ಎರಡು ಸಲ ಹೊಲವನ್ನು ತಿರುವಿಹಾಕುವುದು ವಾಡಿಕೆಯಾಯಿತು. ಬಿತ್ತನೆಯ ಕಾಲವೂ ಬಿರುಮಳೆಯ ಕಾಲವೂ ಇಲ್ಲಿ ಒಂದೇ ಆಗಿರುವುದರಿಂದ, ಪುಡಿ ಮಾಡಿ ಬರಿದಾಗಿಸಿದ ಇಳಿಜಾರು ಹೊಲಗಳ ಮೇಲೆ ಮಳೆ ಸುರಿದಾಗ ಬೀಜ, ಗೊಬ್ಬರ, ಮೇಲ್ಮಣ್ಣು ಮೂರೂ ಸೇರಿ ಹೊಳೆಯ ಪಾಲಾಗುತ್ತಿದ್ದವು.

ಲೊಂಡ್ರಿನಾದಿಂದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿರುವ ರೊಲಾಂಡಿಯಾ, 1930ರ ದಶಕದಲ್ಲಿ ಜರ್ಮನ್ ವಲಸಿಗರು ಕಟ್ಟಿಕೊಂಡ ಊರು. ಬ್ರೆಜಿಲಿನಲ್ಲಿ ಹುಟ್ಟಿ, ಬಾಲ್ಯವನ್ನು ಯುದ್ಧಕಾಲದ ಜರ್ಮನಿಯಲ್ಲಿ ಕಳೆದು, 1960ರಲ್ಲಿ ಮರಳಿ ಬಂದು ಇಲ್ಲಿ ಬೇಸಾಯಕ್ಕೆ ನಿಂತ ಹರ್ಬರ್ಟ್ ಬಾರ್ಟ್ಸ್ ಎಂಬ ರೈತ, 1971ರಲ್ಲಿ ತನ್ನ ಹೊಲದ ಮಣ್ಣು ಬಿರುಮಳೆಗೆ ಕೊಚ್ಚಿಹೋದುದನ್ನು ಕಂಡು ಬೇರೆ ದಾರಿಯನ್ನು ಹುಡುಕತೊಡಗಿದ. ಅದೇ ವರ್ಷ ಲೊಂಡ್ರಿನಾದ ಸಂಶೋಧನಾ ಕೇಂದ್ರದಲ್ಲಿ ರಾಲ್ಫ್ ಡೆರ್ಪ್ಷ್ ಎಂಬ ಜರ್ಮನ್ ಕೃಷಿ ವಿಜ್ಞಾನಿ ಉಳುಮೆಯಿಲ್ಲದ ಬಿತ್ತನೆಯ ಮೊದಲ ಪ್ರಯೋಗಗಳನ್ನು ಆರಂಭಿಸಿದ್ದರು. ಬಾರ್ಟ್ಸ್ 1972ರಲ್ಲಿ ಯುರೋಪಿಗೂ ಅಲ್ಲಿಂದ ಅಮೆರಿಕದ ಕೆಂಟಕಿ ರಾಜ್ಯಕ್ಕೂ ಹೋಗಿ, 1962ರಿಂದಲೇ ಉಳದೆ ಬೆಳೆ ತೆಗೆಯುತ್ತಿದ್ದ ಹ್ಯಾರಿ ಯಂಗ್ ಎಂಬ ರೈತನ ಹೊಲವನ್ನು ನೋಡಿ, ಅಂಥದೇ ಕೂರಿಗೆಯೊಂದನ್ನು ಕೊಂಡು ಹಡಗಿನಲ್ಲಿ ತರಿಸಿಕೊಂಡು, ಅದೇ ವರ್ಷದ ಹಂಗಾಮಿನಲ್ಲಿ ತನ್ನ ಸೋಯಾವನ್ನು ಉಳದ ನೆಲದಲ್ಲಿ ಬಿತ್ತಿದ. ಲ್ಯಾಟಿನ್ ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದ ಮೊದಲ ಉಳುಮೆರಹಿತ ಬಿತ್ತನೆಯೆಂದು ಅದನ್ನು ಎಣಿಸಲಾಗುತ್ತದೆ. ಹುಲ್ಲಿನ ನಡುವೆ ಬಿತ್ತುವ ಈ ಮನುಷ್ಯನನ್ನು ನೆರೆಯವರು ಹುಚ್ಚನೆಂದು ಕರೆದರು. 2021ರಲ್ಲಿ ಬಾರ್ಟ್ಸ್ ತೀರಿಕೊಳ್ಳುವ ಹೊತ್ತಿಗೆ ದೇಶದ ಬಹುಪಾಲು ಸೋಯಾ ಉಳದ ನೆಲದಲ್ಲೇ ಬೆಳೆಯುತ್ತಿತ್ತು.

ಮೊದಲ ವರ್ಷಗಳಲ್ಲಿ ಅತಿ ಕಠಿಣವಾಗಿದ್ದುದು ನೇಗಿಲಿನ ಮೊದಲನೆಯ ಕೆಲಸ, ಅಂದರೆ ಕಳೆಯ ನಿಗ್ರಹ. ಆಗ ಕೈಗೆ ಸಿಗುತ್ತಿದ್ದ ಕಳೆನಾಶಕಗಳು ಕೆಲವೇ. ಎಲ್ಲ ಹಸಿರನ್ನೂ ಬೇರುಸಹಿತ ಒಣಗಿಸುವ ಗ್ಲೈಫೋಸೇಟ್ ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ, ಬಂದ ಮೇಲೂ ಬಹುಕಾಲ ಅದರ ಬೆಲೆ ಎಟುಕುವಂತಿರಲಿಲ್ಲ. ಆದ್ದರಿಂದ ಮುಂಚೂಣಿಯ ರೈತರು ಈ ಕೆಲಸದ ಪಾಲನ್ನು ಬೆಳೆಗೇ ವಹಿಸಲು ಕಲಿತರು. ಚಳಿಗಾಲದಲ್ಲಿ ಕಪ್ಪು ಓಟ್ಸ್ ಎಂಬ, ಕಾಳಿಗಾಗಿ ಅಲ್ಲದೆ ಹುಲ್ಲಿಗಾಗಿಯೇ ಬೆಳೆಸುವ ಧಾನ್ಯವನ್ನು ಒತ್ತಾಗಿ ಬಿತ್ತಿ, ಅದು ಹಾಲುಗಾಳಿನ ಹಂತಕ್ಕೆ ಬಂದಾಗ ಅಡ್ಡ ಅಲಗುಗಳನ್ನು ಬೆಸೆದ ಭಾರವಾದ ಉರುಳೆಯನ್ನು ಮೇಲೆ ಓಡಿಸುತ್ತಾರೆ. ಕಾಂಡಗಳು ಜಜ್ಜಿ ಮುರಿದು ಒಂದೇ ದಿಕ್ಕಿಗೆ ಮಲಗುತ್ತವೆ. ಆ ಚಾಪೆಯ ಕೆಳಗೆ ಬೆಳಕು ಹೋಗದೆ ಬಹುತೇಕ ಕಳೆಬೀಜಗಳು ಮೊಳೆಯುವುದೇ ಇಲ್ಲ. ಹೀಗೆ ಮಣ್ಣಿನ ಹೊದಿಕೆಗಾಗಿಯೇ ಬೆಳೆಯುವ ಬೆಳೆಗಳಿಗೆ ಹೊದಿಕೆ ಬೆಳೆಗಳೆಂದು ಹೆಸರು.

ಸೋಯಾದ ಪೋಷಣೆಯ ಲೆಕ್ಕ ಅರ್ಥವಾಗಬೇಕಾದರೆ ಲೊಂಡ್ರಿನಾದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಬ್ರೆಜಿಲಿನ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯಾದ ಎಂಬ್ರಾಪಾದ ಸೋಯಾ ಕೇಂದ್ರ 1975ರಿಂದ ಈ ನಗರದಲ್ಲಿದೆ. ಒಂದು ಟನ್ ಸೋಯಾ ಕಾಳು ಬೆಳೆಯಲು ಗಿಡಕ್ಕೆ ಸುಮಾರು 80 ಕಿಲೋ ಸಾರಜನಕ ಬೇಕು. ಅದರಲ್ಲಿ 50 ಕಿಲೋದಷ್ಟು ಕಾಳಿನೊಂದಿಗೇ ಹೊಲದ ಹೊರಗೆ ಹೋಗುತ್ತದೆ. ಇಷ್ಟನ್ನೂ ಯೂರಿಯಾದ ರೂಪದಲ್ಲಿ ಕೊಡಬೇಕಾಗಿದ್ದರೆ ಬ್ರೆಜಿಲಿನಲ್ಲಿ ಸೋಯಾ ಬೇಸಾಯವೇ ಬೆಳೆಯುತ್ತಿರಲಿಲ್ಲ. ಚೆಕ್ ಮೂಲದ ವಿಜ್ಞಾನಿ ಜೊಹಾನಾ ಡೊಬರೈನರ್, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾಗಳನ್ನೇ ನೆಚ್ಚಿಕೊಂಡು ದೇಶದ ಸೋಯಾ ತಳಿ ಅಭಿವೃದ್ಧಿ ಸಾಗಬೇಕೆಂದು 1960ರ ದಶಕದಿಂದಲೇ ಹಟ ಹಿಡಿದು, ಆ ದಾರಿಯನ್ನು ಸಾಧಿಸಿ ತೋರಿಸಿದರು. ಆ ಕೆಲಸವನ್ನು ಲೊಂಡ್ರಿನಾದಲ್ಲಿ ಮುಂದುವರಿಸಿದ ಮರಿಯಾಂಜೆಲಾ ಉಂಗ್ರಿಯಾ ಅವರಿಗೆ 2025ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಂದಿದೆ. ಹೊಲದಲ್ಲಿ ಮೊದಲೇ ಬ್ಯಾಕ್ಟೀರಿಯಾ ನೆಲೆಸಿದ್ದರೂ ಪ್ರತಿ ವರ್ಷ ಬೀಜಕ್ಕೆ ಹೊಸದಾಗಿ ಜೀವಾಣು ಲೇಪಿಸಿ ಬಿತ್ತಿದರೆ ಇಳುವರಿ ಸರಾಸರಿ ಶೇ. 8ರಷ್ಟು ಹೆಚ್ಚುತ್ತದೆಂಬುದು ಅವರ ತಂಡ ಕಂಡುಕೊಂಡ ಸಂಗತಿ.

ಹೂಬಿಡುವ ಹೊತ್ತಿಗೆ ಗಿಡವೊಂದನ್ನು ಮಣ್ಣುಸಮೇತ ಎತ್ತಿ ಬೇರನ್ನು ತೊಳೆದರೆ ಈ ಬ್ಯಾಕ್ಟೀರಿಯಾಗಳ ಮನೆಗಳು ಗುಂಡುಗುಂಡಾಗಿ ಕಾಣುತ್ತವೆ. ಬೇರುಗಂಟೊಂದನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ ಅದು ಸಾರಜನಕವನ್ನು ಸೆಳೆಯುತ್ತಿದೆ ಎಂದರ್ಥ; ರಕ್ತದ ಕೆಂಪಿಗೆ ಕಾರಣವಾದ ವಸ್ತುವಿನ ಜಾತಿಯದೇ ಒಂದು ಕಬ್ಬಿಣಯುಕ್ತ ಪ್ರೋಟೀನ್ ಆ ಬಣ್ಣಕ್ಕೆ ಕಾರಣ. ಒಳಗೆ ಹಸಿರು ಅಥವಾ ಕಂದು ಬಣ್ಣವಿದ್ದರೆ ಗಂಟಿನ ಕೆಲಸ ನಿಂತಿದೆ. ಹುಲ್ಲು ಹೊದಿಕೆಯ ಹೊಲದಲ್ಲಿ ನಡುಹಗಲಿನ ಮಣ್ಣು ಬರಿಯ ಹೊಲಕ್ಕಿಂತ ತಂಪಾಗಿಯೂ ತೇವವಾಗಿಯೂ ಇರುವುದರಿಂದ, ಬಿಸಿಗೂ ಒಣಕಲಿಗೂ ಬೇಗ ಸೋಲುವ ಈ ಬ್ಯಾಕ್ಟೀರಿಯಾಗಳಿಗೆ ಅದು ಹೆಚ್ಚು ಒಗ್ಗುತ್ತದೆ.

ರಂಜಕ ಮತ್ತು ಪೊಟ್ಯಾಶಿನ ಕಥೆ ಬೇರೆ. ಒಂದು ಟನ್ ಕಾಳಿನೊಂದಿಗೆ ಸುಮಾರು 10 ಕಿಲೋ ರಂಜಕದ ಆಕ್ಸೈಡು, 20 ಕಿಲೋ ಪೊಟ್ಯಾಶ್ ಹೊಲ ಬಿಟ್ಟು ಹೋಗುತ್ತವೆ. ಇವನ್ನು ಗಾಳಿಯಿಂದ ತರುವ ಜೀವಿ ಯಾವುದೂ ಇಲ್ಲ, ಗೊಬ್ಬರದಿಂದಲೇ ತುಂಬಿಕೊಡಬೇಕು. ಕೆಂಪು ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಹಾಕಿದ ರಂಜಕವನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಂಡು ಬೇರಿಗೆ ಸಿಗದಂತೆ ಮಾಡುತ್ತವೆ. ಉತ್ತು ಬೆರೆಸಿದಷ್ಟೂ ಈ ಹಿಡಿತಕ್ಕೆ ಹೊಸ ಹೊಸ ಮಣ್ಣಿನ ಕಣಗಳು ಒದಗುತ್ತವೆ. ಉಳುವುದನ್ನು ಬಿಟ್ಟಾಗ ಗೊಬ್ಬರ ಮೇಲಿನ ಕೆಲವೇ ಅಂಗುಲಗಳಲ್ಲಿ ಉಳಿದು, ಅಲ್ಲಿನ ಹಿಡಿಯುವ ತಾಣಗಳು ಕ್ರಮೇಣ ತುಂಬಿಹೋಗಿ, ಕೊಳೆತ ಹುಲ್ಲಿನಿಂದ ಬಂದ ಸಾವಯವ ಆಮ್ಲಗಳೂ ಅವನ್ನು ಮುಚ್ಚಿ, ಬೇರಿಗೆ ಸಿಗುವ ರಂಜಕ ಹೆಚ್ಚುತ್ತದೆ. ಇದು ಲಾಭ. ಆದರೆ ಪೋಷಕಾಂಶಗಳೆಲ್ಲ ಮೇಲ್ಪದರದಲ್ಲೇ ಗುಂಪುಗೂಡಿದರೆ ಬೇರುಗಳೂ ಅಲ್ಲಿಯೇ ಉಳಿಯುತ್ತವೆ. ಮಳೆ ಎರಡು ವಾರ ಕೈಕೊಟ್ಟಾಗ ಮೊದಲು ಒಣಗುವ ಪದರವೂ ಅದೇ. ಈ ಕಾರಣಕ್ಕೆ ಬಹುಕಾಲ ಉಳದ ಹೊಲಗಳಲ್ಲಿ ಮಣ್ಣಿನ ಮಾದರಿಯನ್ನು 20 ಸೆಂಟಿಮೀಟರಿನವರೆಗೆ ಒಟ್ಟಾಗಿ ತೆಗೆಯದೆ, ಮೇಲಿನ 10 ಮತ್ತು ಕೆಳಗಿನ 10 ಎಂದು ಎರಡಾಗಿ ತೆಗೆದು ಪರೀಕ್ಷಿಸುವುದು ಇಲ್ಲಿ ರೂಢಿಗೆ ಬಂದಿದೆ. ಪೊಟ್ಯಾಶ್ ಮಾತ್ರ ಗಿಡದ ಅಂಗಾಂಶದೊಳಗೆ ಬೆಸೆದುಕೊಳ್ಳದೆ ರಸದಲ್ಲಿ ಕರಗಿಯೇ ಇರುವ ಧಾತುವಾದ್ದರಿಂದ, ಒಣಹುಲ್ಲಿನ ಮೇಲೆ ಒಂದೆರಡು ಒಳ್ಳೆಯ ಮಳೆ ಬಿದ್ದರೆ ಸಾಕು, ಹುಲ್ಲು ಕೊಳೆಯುವ ಮೊದಲೇ ತೊಳೆದು ಮಣ್ಣಿಗೆ ಇಳಿಯುತ್ತದೆ. ಹೊದಿಕೆ ಬೆಳೆ ಅದನ್ನು ಆಳದಿಂದ ಮೇಲೆತ್ತಿ ಮುಂದಿನ ಸೋಯಾಕ್ಕೆ ಒಪ್ಪಿಸಿದಂತಾಗುತ್ತದೆ.

ಗೊಬ್ಬರದ ಚೀಲ ಹೇಳದಿರುವುದನ್ನು ಸಲಿಕೆ ಹೇಳುತ್ತದೆ. ಎಂಬ್ರಾಪಾ ರೈತರಿಗಾಗಿ ರೂಪಿಸಿರುವ ಸರಳ ಪರೀಕ್ಷೆಯೊಂದರಲ್ಲಿ, ಹೊಲದಲ್ಲಿ ಚಿಕ್ಕ ಕುಳಿ ತೋಡಿ, ಅದರ ಒಂದು ಗೋಡೆಯಿಂದ 25 ಸೆಂಟಿಮೀಟರ್ ಆಳದ ಮಣ್ಣಿನ ಹಲಗೆಯನ್ನು ಸಲಿಕೆಯಿಂದ ಇಡಿಯಾಗಿ ಎತ್ತಿ, ತಟ್ಟೆಯಲ್ಲಿಟ್ಟು ಕೈಯಿಂದ ನಿಧಾನವಾಗಿ ಬಿಡಿಸುತ್ತಾರೆ. ಒಳ್ಳೆಯ ಹೊಲದ ಮಣ್ಣು ಒಂದರಿಂದ ನಾಲ್ಕು ಸೆಂಟಿಮೀಟರ್ ಗಾತ್ರದ, ಮೂಲೆಗಳಿಲ್ಲದ, ತೂತುತೂತಾದ ಉಂಡೆಗಳಾಗಿ ಬಿಡಿಸಿಕೊಳ್ಳುತ್ತದೆ; ಪ್ರತಿ ಉಂಡೆಯನ್ನು ಮುರಿದಾಗಲೂ ಒಳಗೆ ಕೂದಲಿನಂಥ ಬೇರು ಹಾದುಹೋಗಿರುತ್ತದೆ, ಎರೆಹುಳು ಓಡಾಡಿದ ಕೊಳವೆಗಳು ಕಾಣುತ್ತವೆ. ಕೆಟ್ಟ ಹೊಲದ ಮಣ್ಣು ಏಳು ಸೆಂಟಿಮೀಟರಿಗಿಂತ ದೊಡ್ಡದಾದ, ನುಣುಪಾದ ಮುಖ ಮತ್ತು ಚೂಪು ಅಂಚುಗಳುಳ್ಳ ಹೆಂಟೆಗಳಾಗಿ ಸೀಳುತ್ತದೆ, ಇಲ್ಲವೆ ಹಿಟ್ಟಾಗಿ ಉದುರುತ್ತದೆ. ಬೇರುಗಳು ಹೆಂಟೆಯ ಒಳಗೆ ನುಗ್ಗಲಾರದೆ ಬಿರುಕುಗಳ ಉದ್ದಕ್ಕೆ ಚಪ್ಪಟೆಯಾಗಿ ಒತ್ತಿಕೊಂಡಿರುತ್ತವೆ. ಒಂದರಿಂದ ಆರರವರೆಗೆ ಅಂಕ ಕೊಡುವ ಈ ಪರೀಕ್ಷೆಗೆ ಪ್ರಯೋಗಾಲಯ ಬೇಡ, ಖರ್ಚೂ ಇಲ್ಲ.

ಅಚ್ಚರಿಯೆಂದರೆ, ಉಳುಮೆರಹಿತ ಬೇಸಾಯದ ತವರಾದ ಉತ್ತರ ಪರಾನಾದಲ್ಲಿಯೇ ಇಂಥ ಗಟ್ಟಿ ಹೆಂಟೆಗಳು ಕೆಲವು ಹೊಲಗಳಲ್ಲಿ ಹೇರಳವಾಗಿ ಸಿಗುತ್ತವೆ. ಸೆಪ್ಟೆಂಬರ್ ಕೊನೆಗೇ ಬಿತ್ತಬಹುದಾದ ಅಲ್ಪಾವಧಿಯ ಸೋಯಾ ತಳಿಗಳು ಬಂದ ಮೇಲೆ, ಜನವರಿ-ಫೆಬ್ರವರಿಯಲ್ಲಿ ಸೋಯಾ ಕೊಯ್ದ ಬೆನ್ನಿಗೇ ಮುಸುಕಿನ ಜೋಳ ಬಿತ್ತಿ, ಅದನ್ನು ಚಳಿಗಾಲದಲ್ಲಿ ಕೊಯ್ದು ಮತ್ತೆ ಸೋಯಾ ಬಿತ್ತುವ ಎರಡೇ ಬೆಳೆಗಳ ಸುತ್ತು ಈ ಭಾಗವನ್ನು ಆವರಿಸಿಕೊಂಡಿತು. ವರ್ಷಕ್ಕೆ ಎರಡು ಕೊಯ್ಲಿನ ಆದಾಯ ಬಿಡುವಂಥದ್ದಲ್ಲ. ಆದರೆ ಇಲ್ಲಿನ ಸೆಕೆಗೂ ತೇವಕ್ಕೂ ಸೋಯಾದ ಸಾರಜನಕಭರಿತ ಎಲೆಕಸ ಕೆಲವೇ ವಾರಗಳಲ್ಲಿ ಕೊಳೆತು ಮಾಯವಾಗುತ್ತದೆ. ನೆಲ ವರ್ಷವಿಡೀ ಮುಚ್ಚಿರಬೇಕಾದರೆ ಹೆಕ್ಟೇರಿಗೆ ಕನಿಷ್ಠ 6 ಟನ್ ಒಣಹುಲ್ಲು ಬೇಕೆಂದು ಇಲ್ಲಿನ ತಜ್ಞರು ಹೇಳುತ್ತಾರೆ, ಸೋಯಾ ಒಂದರಿಂದ ಅಷ್ಟು ಬರುವುದಿಲ್ಲ. ಹಸಿ ನೆಲದ ಮೇಲೆ ಕೊಯ್ಲುಯಂತ್ರಗಳು ಓಡಾಡಿ, ಸುಮಾರು 7ರಿಂದ 20 ಸೆಂಟಿಮೀಟರ್ ಆಳದ ನಡುವೆ ಒತ್ತಾದ ಪದರವೊಂದು ಮೂಡುತ್ತದೆ. ಅದನ್ನು ಒಡೆಯುವ ನೇಗಿಲೂ ಇಲ್ಲ, ಒಡೆಯಬಲ್ಲ ಬೇರುಗಳ ಬೆಳೆಯೂ ಇಲ್ಲ. ಹುಲ್ಲು ಹೊದಿಕೆ ಇದ್ದರೆ ಮಣ್ಣು ಕೊಚ್ಚುವುದಿಲ್ಲ ಎಂಬ ನಂಬಿಕೆಯಿಂದಲೂ, ದೊಡ್ಡ ಯಂತ್ರಗಳನ್ನು ನೇರವಾಗಿ ಓಡಿಸುವ ಅನುಕೂಲಕ್ಕಾಗಿಯೂ ಅನೇಕರು ಹೊಲದ ಅಡ್ಡ ಬದುಗಳನ್ನು ಕಿತ್ತುಹಾಕಿದರು. ಹನಿಯ ಹೊಡೆತವನ್ನು ಹುಲ್ಲು ತಡೆಯಿತು. ಇಂಗಲು ದಾರಿಯಿಲ್ಲದೆ ಇಳಿಜಾರಿನಲ್ಲಿ ಓಡಿದ ನೀರನ್ನು ಹುಲ್ಲು ತಡೆಯಲಿಲ್ಲ. 1970ರ ದಶಕದ ಕೊರಕಲುಗಳು ಕೆಲವೆಡೆ ಮತ್ತೆ ತಲೆದೋರಿದವು.

ಲೊಂಡ್ರಿನಾದಿಂದ ನೈಋತ್ಯಕ್ಕೆ ಹೊರಟ ರಸ್ತೆ ಅಪುಕರಾನಾವನ್ನು ದಾಟಿ ಮೌವಾ ದ ಸೆರ್ರಾ ಎಂಬ ಎತ್ತರದ ಊರಿಗೆ ಏರುತ್ತದೆ. ಜಪಾನೀ ಮೂಲದ ರೈತರು 1970ರ ದಶಕದಲ್ಲಿಯೇ ಬಾರ್ಟ್ಸನ ದಾರಿ ಹಿಡಿದ ಊರು ಇದು. ಇಲ್ಲಿಂದ ಮುಂದೆ ಘಟ್ಟದ ತಿರುವುಗಳನ್ನೂ, ನೀಲಗಿರಿ ಮತ್ತು ಪೈನ್ ನೆಡುತೋಪುಗಳನ್ನೂ ಹಾದು ಟಿಬಾಜಿ ನದಿಯ ಕೊಳ್ಳವನ್ನು ದಾಟಿದರೆ ಭೂಮಿಯ ಮುಖವೇ ಬದಲಾಗುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರಿನಷ್ಟು ಎತ್ತರದ, ಅಲೆಅಲೆಯಾಗಿ ಹಬ್ಬಿದ ಈ ಬಯಲಿಗೆ ಕಾಂಪೊಸ್ ಜೆರಾಯಿಸ್ ಎಂದು ಹೆಸರು. ದಕ್ಷಿಣದಿಂದ ದನ, ಹೇಸರಗತ್ತೆಗಳನ್ನು ಅಟ್ಟಿಕೊಂಡು ಹೋಗುತ್ತಿದ್ದವರು ತಂಗುತ್ತಿದ್ದ ಹುಲ್ಲುಗಾವಲು ಸೀಮೆ ಇದು. ಇಲ್ಲಿನ ಮಣ್ಣು ಬಸಾಲ್ಟಿನದಲ್ಲ, ಮರಳುಗಲ್ಲು ಮತ್ತು ಜೇಡಿಗಲ್ಲಿನಿಂದ ಬಂದದ್ದು. ಹುಳಿಯಾದದ್ದು, ರಂಜಕಕ್ಕೆ ಬಡವಾದದ್ದು, ಬೇರಿನ ತುದಿಯನ್ನೇ ಮೊಂಡಾಗಿಸುವ ಅಲ್ಯೂಮಿನಿಯಂ ತುಂಬಿದ್ದು. ಲೊಂಡ್ರಿನಾದ ನೆಲವನ್ನು ನೋಡಿ ಬಂದವರಿಗೆ ಇದು ಬೇಸಾಯಕ್ಕೆ ಯೋಗ್ಯವೆಂದೇ ತೋರುವುದಿಲ್ಲ.

ಆದರೂ ಉಳುಮೆರಹಿತ ಸೋಯಾ ಬೇಸಾಯ ತನ್ನ ಪೂರ್ಣರೂಪವನ್ನು ಪಡೆದದ್ದು ಈ ಬಡ ನೆಲದಲ್ಲಿ. 1911ರಲ್ಲಿ ನೆಲೆಯಾದ ಕರಂಬೆಯಿ, 1951ರ ಕಾಸ್ಟ್ರೋಲಾಂಡಾ ಮೊದಲಾದ ಡಚ್ ವಸಾಹತುಗಳ ರೈತರು ಇಲ್ಲಿ ಹೈನುಗಾರಿಕೆಯ ಸಹಕಾರ ಸಂಘಗಳನ್ನು ಕಟ್ಟಿಕೊಂಡಿದ್ದರು. ಆ ಸಮುದಾಯದ ಫ್ರಾಂಕೆ ಡೈಕ್‌ಸ್ಟ್ರಾ, ಹಾಗೂ ನೊನೊ ಎಂದೇ ಜನಪ್ರಿಯರಾದ ಮನೊಯೆಲ್ ಎನ್ರಿಕೆ ಪೆರೇರಾ, 1976ರ ಸುಮಾರಿಗೆ ಉಳುಮೆಯನ್ನು ಕೈಬಿಟ್ಟರು. 1979ರಲ್ಲಿ ಪೊಂಟಾ ಗ್ರೋಸಾದಲ್ಲಿ ರೈತರೇ ಕೂಡಿ, ಅನುಭವ ಹಂಚಿಕೊಳ್ಳಲು ‘ಎರೆಹುಳು ಕ್ಲಬ್’ ಎಂಬ ಕೂಟವನ್ನು ಕಟ್ಟಿದರು. ಅದರಿಂದ ಬೆಳೆದ ಚಳವಳಿ 1992ರಲ್ಲಿ ರಾಷ್ಟ್ರೀಯ ಒಕ್ಕೂಟವಾಯಿತು. ಹೈನುಗಾರಿಕೆ ಇದ್ದುದರಿಂದ ಓಟ್ಸ್ ಮತ್ತು ರೈ ಹುಲ್ಲಿಗೆ ಇಲ್ಲಿ ಮೊದಲೇ ಬೆಲೆಯಿತ್ತು; ಚಳಿ ಜೋರಾಗಿ ಎರಡನೆಯ ಜೋಳಕ್ಕೆ ಅವಕಾಶವಿಲ್ಲದ್ದರಿಂದ ಚಳಿಗಾಲದ ಹೊಲ ಗೋಧಿ, ಬಾರ್ಲಿ, ಕಪ್ಪು ಓಟ್ಸ್, ಮೇವಿನ ಮೂಲಂಗಿಗಳಿಗೆ ಬಿಡುವಾಗಿತ್ತು. ಬೇಸಿಗೆಯಲ್ಲಿಯೂ ಪ್ರತಿ ವರ್ಷ ಸೋಯಾವನ್ನೇ ಹಾಕದೆ ಹೊಲದ ಒಂದು ಪಾಲನ್ನು ಸರದಿಯಂತೆ ಮುಸುಕಿನ ಜೋಳಕ್ಕೆ ಕೊಡುವ ಕ್ರಮ ಬೆಳೆಯಿತು. ಬೆಳೆ ಪರಿವರ್ತನೆ ಎಂದರೆ ಇದು: ಎರಡು ಬೆಳೆಗಳನ್ನು ಒಂದರ ಹಿಂದೊಂದು ಓಡಿಸುವುದಲ್ಲ, ಬೇರು, ಹುಲ್ಲು, ರೋಗ ಮೂರರಲ್ಲಿಯೂ ಬೇರೆಬೇರೆಯಾದ ಬೆಳೆಗಳನ್ನು ಒಂದೇ ಹೊಲದಲ್ಲಿ ವರ್ಷಗಳ ಲೆಕ್ಕದಲ್ಲಿ ಸುತ್ತಿಸುವುದು. ಮೂಲಂಗಿಯ ದಪ್ಪ ಬೇರು ಗಟ್ಟಿ ಪದರವನ್ನು ಕೊರೆದು ಕೊಳೆತು ಹೋದ ಮೇಲೆ ಆ ತೂತಿನಲ್ಲಿ ಸೋಯಾದ ಬೇರು ಇಳಿಯುತ್ತದೆ. ಓಟ್ಸಿನ ದಟ್ಟ ಬೇರುಜಾಲ ಮಣ್ಣನ್ನು ಉಂಡೆಗಟ್ಟಿಸುತ್ತದೆ. ನೇಗಿಲಿನ ಸಡಿಲಿಸುವ ಕೆಲಸಕ್ಕೆ ಇಲ್ಲಿ ವಾರಸುದಾರರು ಸಿಕ್ಕಿದರು.

ಹುಳಿ ಮಣ್ಣಿಗೆ ಸುಣ್ಣ ಬೆರೆಸುವ ಕೆಲಸ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಸುಣ್ಣದಕಲ್ಲಿನ ಪುಡಿ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಉತ್ತು ಬೆರೆಸದೆ ಮೇಲೆ ಚೆಲ್ಲಿದರೆ ಅದು ಕೆಳಗಿಳಿಯುವುದೇ ಇಲ್ಲವೆಂದು ಬಹುಕಾಲ ನಂಬಲಾಗಿತ್ತು. ಪೊಂಟಾ ಗ್ರೋಸಾ ವಿಶ್ವವಿದ್ಯಾಲಯದ ಎಡ್ವಾರ್ಡೊ ಕೈರೆಸ್ ಮತ್ತು ಸಂಗಡಿಗರು 1990ರ ದಶಕದಿಂದ ಉಳದ ಹೊಲಗಳಲ್ಲಿ ನಡೆಸಿದ ದೀರ್ಘಾವಧಿ ಪ್ರಯೋಗಗಳು, ಮೇಲೆ ಚೆಲ್ಲಿದ ಸುಣ್ಣವೂ ಹಳೆಯ ಬೇರುಗಳ ತೂತು, ಎರೆಹುಳುವಿನ ಕೊಳವೆಗಳ ಮೂಲಕ ವರ್ಷಗಳು ಕಳೆದಂತೆ ಕೆಳಗಿಳಿದು ಹುಳಿಯನ್ನು ತಗ್ಗಿಸುತ್ತದೆಂದು ತೋರಿಸಿದವು. ಇನ್ನೂ ಆಳದ ಅಲ್ಯೂಮಿನಿಯಂಗೆ ಜಿಪ್ಸಂ ಮದ್ದಾಯಿತು: ಸುಣ್ಣಕ್ಕಿಂತ ಬೇಗ ಕರಗುವ ಜಿಪ್ಸಂ ಮಣ್ಣಿನ ಹುಳಿಯನ್ನು ಅಷ್ಟಾಗಿ ತಗ್ಗಿಸದಿದ್ದರೂ, ಅದರ ಸಲ್ಫೇಟು ಕ್ಯಾಲ್ಸಿಯಂ ಜೊತೆಗೂಡಿ ಕೆಳಪದರಕ್ಕೆ ಇಳಿದು ಅಲ್ಯೂಮಿನಿಯಮಿನ ವಿಷವನ್ನು ಕಡಿಮೆ ಮಾಡುತ್ತದೆ. ಉಳುಮೆ ಬಿಡುವ ಮೊದಲು ಕೊನೆಯ ಬಾರಿಗೆ ಆಳವಾಗಿ ಉತ್ತು ಸುಣ್ಣ ಬೆರೆಸಿಬಿಡಬೇಕು, ಆಮೇಲೆ ಮೇಲಿನಿಂದ ಸ್ವಲ್ಪಸ್ವಲ್ಪವಾಗಿ ಕೊಡುತ್ತಾ ಹೋಗಬೇಕು ಎಂಬುದು ಈ ಸೀಮೆಯ ಒಪ್ಪಿತ ಕ್ರಮ.

ಇವೆಲ್ಲದರ ಫಲ ತಕ್ಷಣ ಕಾಣುವುದಿಲ್ಲ ಎಂಬುದನ್ನು ಅದೇ ವಿಶ್ವವಿದ್ಯಾಲಯದ ಜೊವಾವ್ ಕಾರ್ಲೊಸ್ ದ ಮೊರಾಯಿಸ್ ಸಾ ಎಂಬ ಮಣ್ಣು ವಿಜ್ಞಾನಿ ನಾಲ್ಕು ಹಂತಗಳಾಗಿ ವಿವರಿಸಿದ್ದಾರೆ. ಮೊದಲ ಐದು ವರ್ಷ ಮಣ್ಣು ಕಳೆದುಕೊಂಡ ಉಂಡೆಕಟ್ಟನ್ನು ಮರಳಿ ಕಟ್ಟಿಕೊಳ್ಳುತ್ತದೆ. ಹುಲ್ಲನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಸಾರಜನಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಗೋಧಿ, ಜೋಳಗಳಿಗೆ ಈ ಅವಧಿಯಲ್ಲಿ ಮಾಮೂಲಿಗಿಂತ ಹೆಚ್ಚು ಗೊಬ್ಬರ ಬೇಕಾಗುತ್ತದೆ. ಐದರಿಂದ ಹತ್ತನೆಯ ವರ್ಷದವರೆಗೆ ಹುಲ್ಲು ಹೊದಿಕೆ ಮತ್ತು ಸಾವಯವ ಇಂಗಾಲ ಕೂಡಿಕೊಳ್ಳುತ್ತವೆ. ಹತ್ತರಿಂದ ಇಪ್ಪತ್ತರವರೆಗೆ ಮಣ್ಣು ತೇವವನ್ನೂ ಪೋಷಕಾಂಶವನ್ನೂ ಹೆಚ್ಚಾಗಿ ಹಿಡಿದಿಡುತ್ತದೆ. ಇಪ್ಪತ್ತು ದಾಟಿದ ಮೇಲೆ ಬೆಳೆ ತೆಗೆದುಕೊಂಡುದರ ದೊಡ್ಡ ಪಾಲನ್ನು ಮಣ್ಣೇ ಹುಲ್ಲಿನ ಮೂಲಕ ಮರಳಿ ಬೆಳೆಗೆ ಒದಗಿಸುತ್ತದೆ. ನಡುವೆ ಒಮ್ಮೆ ಉತ್ತರೂ ಉಂಡೆಗಳೊಳಗೆ ಕಾಪಿಟ್ಟ ಇಂಗಾಲ ಗಾಳಿಗೆ ತೆರೆದುಕೊಂಡು ಗಳಿಕೆಯಲ್ಲಿ ಒಂದು ಪಾಲು ಕೈಬಿಡುತ್ತದೆ. ರಾಜ್ಯದ ನೈಋತ್ಯದ ಪಾಟೊ ಬ್ರಾಂಕೊದಲ್ಲಿ 1986ರಿಂದ ನಡೆದುಬಂದ ಪ್ರಯೋಗ ಇದೇ ಮಾತನ್ನು ಇನ್ನಷ್ಟು ಸ್ಪಷ್ಟಗೊಳಿಸಿತು: ಹತ್ತೊಂಬತ್ತು ವರ್ಷಗಳ ಕೊನೆಗೆ ಮಣ್ಣಿನ ಇಂಗಾಲ ಚೆನ್ನಾಗಿ ಏರಿದ್ದು ಉಳುಮೆ ಬಿಟ್ಟು ಚಳಿಗಾಲದ ಹೊದಿಕೆ ಬೆಳೆಯನ್ನೂ ಬೆಳೆದ ಕಡೆ, ಅದೂ ಮುಖ್ಯವಾಗಿ ಮೇಲಿನ 10 ಸೆಂಟಿಮೀಟರಿನಲ್ಲಿ.

ಕಳೆ ಮತ್ತು ರೋಗಗಳ ವಿಷಯದಲ್ಲಿ ಪರಾನಾದ ಅನುಭವ ಕಹಿಯಾಗಿದೆ. ಗ್ಲೈಫೋಸೇಟ್ ಅಗ್ಗವಾಗಿ, ಅದನ್ನು ತಡೆದುಕೊಳ್ಳುವ ಕುಲಾಂತರಿ ಸೋಯಾವೂ ಬಂದ ಮೇಲೆ, ಓಟ್ಸಿನ ಚಾಪೆಗೆ ವಹಿಸಿದ್ದ ಕೆಲಸವನ್ನು ಬಹಳಷ್ಟು ರೈತರು ಒಂದೇ ಔಷಧಿಗೆ ಒಪ್ಪಿಸಿಬಿಟ್ಟರು. 2005ರ ಹೊತ್ತಿಗೆ ಬೂವಾ ಎಂಬ ಕಳೆಯೂ, ಕೆಲವೇ ವರ್ಷಗಳಲ್ಲಿ ಕಹಿಹುಲ್ಲು ಎಂಬ ಹುಲ್ಲಿನ ಜಾತಿಯೂ ಆ ಔಷಧಿಗೆ ಸಾಯದಂತಾದವು. ಹಿಂದಿನ ತಲೆಮಾರು ನೆಚ್ಚಿಕೊಂಡಿದ್ದ ಪ್ಯಾರಾಕ್ವಾಟ್ ವಿಷದ ಬಳಕೆಯನ್ನು 2020ರಲ್ಲಿ ಸರ್ಕಾರ ನಿಷೇಧಿಸಿತು. ಇನ್ನೊಂದೆಡೆ 2001ರಲ್ಲಿ ಕಾಣಿಸಿಕೊಂಡ ಏಷ್ಯಾದ ಸೋಯಾ ತುಕ್ಕು ರೋಗದ ಶಿಲೀಂಧ್ರ ಜೀವಂತ ಎಲೆಯ ಮೇಲಷ್ಟೇ ಬದುಕುವಂಥದ್ದು. ಕೊಯ್ಲಿನಲ್ಲಿ ಉದುರಿದ ಕಾಳು ಉಳದ ಹೊಲದಲ್ಲಿ ತಾನೇ ಮೊಳೆತು ನಿಂತರೆ ಅದಕ್ಕೆ ವರ್ಷವಿಡೀ ಆಶ್ರಯ ಸಿಕ್ಕಂತಾಗುತ್ತದೆ. ಆದ್ದರಿಂದ ವರ್ಷದಲ್ಲಿ ಕನಿಷ್ಠ 90 ದಿನ ಹೊಲದಲ್ಲಿ ಒಂದೇ ಒಂದು ಸೋಯಾ ಗಿಡವೂ ಜೀವಂತ ಇರಕೂಡದೆಂಬ ಕಾನೂನು ಬಂದಿದೆ. ನೇಗಿಲು ಹೂಳುತ್ತಿದ್ದುದನ್ನು ಈಗ ಪಂಚಾಂಗ ತಡೆಯಬೇಕಾಗಿದೆ.

ತುಕ್ಕು ರೋಗದ ಮಾತು ಬಂದಾಗ ಕನ್ನಡ ನಾಡಿನ ನೆನಪು ಸಹಜ. ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳ ಮುಂಗಾರಿ ಸೋಯಾ ಇದೇ ರೋಗಕ್ಕೆ ತುತ್ತಾಗಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದನ್ನು ತಾಳಿಕೊಳ್ಳುವ ಡಿಎಸ್‌ಬಿ 21 ತಳಿಯನ್ನು ಹೊರತರಬೇಕಾಯಿತು. ಆದರೆ ಪರಾನಾದ ಪದ್ಧತಿಯನ್ನು ಇದ್ದಂತೆಯೇ ಅಲ್ಲಿಗೆ ಒಯ್ಯಲಾಗದು. ಅಲ್ಲಿ ಕೆಂಪು ನೆಲದ ಬದಲು ಒದ್ದೆಯಾದಾಗ ಉಬ್ಬಿ ಒಣಗಿದಾಗ ಬಿರಿಯುವ ಎರೆ ಭೂಮಿ. ಚಳಿಗಾಲದ ಮಳೆಯಿಲ್ಲದೆ ಉಳಿದ ತೇವದಲ್ಲೇ ಹಿಂಗಾರಿ ಜೋಳ, ಕಡಲೆ ಬೆಳೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೊಲದಲ್ಲಿ ಬಿಡಬೇಕಾದ ಕಣಿಕೆ ಮತ್ತು ಹೊಟ್ಟಿಗೆ ಕೊಟ್ಟಿಗೆಯಲ್ಲಿ ದನಗಳು ಕಾದಿರುತ್ತವೆ. ಪರಾನಾದಿಂದ ಕಲಿಯಬೇಕಾದದ್ದು ಕೂರಿಗೆಯ ಮಾದರಿಯನ್ನಲ್ಲ, ಲೆಕ್ಕದ ಕ್ರಮವನ್ನು: ನೇಗಿಲಿನ ಯಾವ ಕೆಲಸವನ್ನು ಯಾವ ಬೆಳೆ ಮಾಡಬಲ್ಲದು, ಹುಲ್ಲಿನಲ್ಲಿ ದನಕ್ಕೆಷ್ಟು ನೆಲಕ್ಕೆಷ್ಟು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು.

ಪೊಂಟಾ ಗ್ರೋಸಾಕ್ಕೆ ಬಂದು ನಿಂತಾಗ ಈ ಪ್ರವಾಸದ ಸಾರ ಬೇರೆ ವಿವರಣೆ ಬೇಡುವುದಿಲ್ಲ. ಒಂದೇ ರಾಜ್ಯದಲ್ಲಿ, ಒಂದೇ ಹೆಸರಿನ ಪದ್ಧತಿಯಲ್ಲಿ, ಫಲವತ್ತಾದ ನೆಲದ ಹಲವು ಹೊಲಗಳು ಗಟ್ಟಿಯಾಗಿವೆ, ಬಡ ನೆಲದ ಹಲವು ಹೊಲಗಳು ಚೇತರಿಸಿಕೊಂಡಿವೆ. ಫಲವತ್ತಾದ ನೆಲ ತಪ್ಪನ್ನು ಬಹುಕಾಲ ಸಹಿಸಿಕೊಂಡಿತಾದ್ದರಿಂದ ತಪ್ಪು ತಿಳಿಯುವುದು ತಡವಾಯಿತು. ಬಡ ನೆಲ ಸಹಿಸಲಿಲ್ಲವಾದ್ದರಿಂದ ರೈತರು ಬೇಗ ಕಲಿತರು. ಕಳೆ, ಗಟ್ಟಿ ಪದರ, ರೋಗ ಇವುಗಳ ಹೊಣೆಯನ್ನು ಹಲವು ಬೆಳೆಗಳಿಗೆ ಹಂಚಿದ ಕಡೆ ಮಣ್ಣು ಬೆಳೆಯಿತು. ಎಲ್ಲವನ್ನೂ ಒಂದು ಔಷಧಿಗೂ ಎರಡು ಬೆಳೆಗೂ ಹೊರಿಸಿದ ಕಡೆ ಹಳೆಯ ಕಷ್ಟಗಳೇ ಹೊಸ ರೂಪದಲ್ಲಿ ಮರಳಿದವು. ಆದ್ದರಿಂದ ಉಳುಮೆ ಬಿಟ್ಟು ಎಷ್ಟು ವರ್ಷವಾಯಿತು ಎಂಬ ಪ್ರಶ್ನೆಯೊಂದರಿಂದ ಸೋಯಾ ಹೊಲದ ಆರೋಗ್ಯ ತಿಳಿಯದು. ಆ ವರ್ಷಗಳಲ್ಲಿ ಸೋಯಾದ ಜೊತೆಗೆ ಬೇರೆ ಯಾವ ಬೆಳೆಗಳು ಆ ನೆಲದಲ್ಲಿ ಬೇರು ಬಿಟ್ಟವು ಎಂದು ಕೇಳಬೇಕು.